ಮುಚ್ಚಿಟ್ಟ ಎಲೆ ಎತ್ತಿ ನೋಡಬಾರದು

ಕಳೆದ ಶನಿವಾರ ನಾನು ಮುಟ್ಟಬಾರದ್ದನ್ನು ಮುಟ್ಟಿದೆ. ನೋಡಬಾರದ್ದನ್ನು ನೋಡಿದೆ. (ಗಾಬರಿ ಬೇಡ. ಎರಡು ಇಸ್ಪೀಟೆಲೆ, ಅಷ್ಟೇ.) ಅವತ್ತಿನಿಂದ ಹೊಟ್ಟೆ ಉರಿಯುತ್ತಿದೆ. ಆಸಿಡಿಟಿ ಮಾತ್ರೆ ನುಂಗಿದರೆ ಹೋಗುವ ಉರಿ ಅಲ್ಲ. ಶುದ್ಧ ಹೊಟ್ಟೆಕಿಚ್ಚು.

ನಾನು ಪ್ರತಿ ಶನಿವಾರ ಮಧ್ಯಾಹ್ನ ಶಿವಮೊಗ್ಗದಲ್ಲಿ ಬಸ್ಸು ಹತ್ತಿ ಭದ್ರಾವತಿಗೆ ಪೋಕರ್ ಆಡಲು ಹೋಗುತ್ತೇನೆ ಎಂಬುದು ಈ ಅಂಕಣದ ಹಳೇ ಓದುಗರಿಗೆ ಗೊತ್ತು. ಹೊಸಬರು ಹುಬ್ಬೇರಿಸಬೇಡಿ. ಅಲ್ಲಿನ ನ್ಯೂ ಟೌನಿನಲ್ಲಿ ನಮ್ಮದೊಂದು ಪುಟ್ಟ ಮಹಿಳಾ ಸಂಘ. ಅದರ ಹಿಂಬದಿಯ ಕೋಣೆಯ ಬಾಗಿಲ ಮೇಲೆ ಇವತ್ತಿಗೂ 'ಹೊಲಿಗೆ ತರಗತಿ' ಅಂತ ಬೋರ್ಡಿದೆ. ಒಳಗೆ ಹುಡುಕಿದರೂ ಒಂದು ಸೂಜಿ ಸಿಗುವುದಿಲ್ಲ. ದೊಡ್ಡ ಮೇಜು, ಕಿರುಗುಟ್ಟುವ ಫ್ಯಾನು, ಮೊಮ್ಮಕ್ಕಳನ್ನು ಸೊಸೆಗೆ ಒಪ್ಪಿಸಿ ಬಂದ ಐದಾರು ಹೆಂಗಸರು. ಮೊದಲು ರಮ್ಮಿ ಆಡುತ್ತಿದ್ದೆವು. ರಜೆಗೆ ಬಂದ ನನ್ನ ಅಣ್ಣನ ಮಗಳು ಪೋಕರ್ ಕಲಿಸಿದ ಮೇಲೆ ರಮ್ಮಿ ಸಪ್ಪೆ ಅನಿಸಿತು.

ದುಡ್ಡು ಕಟ್ಟುವುದಿಲ್ಲ. ನಮ್ಮಲ್ಲಿ ಹುಣಸೆ ಬೀಜ. ಆಟದ ಮೊದಲು ಎಲ್ಲರಿಗೂ ಒಂದೊಂದು ಹಿಡಿ. ಯಾರ ಬೀಜ ಮೊದಲು ಖಾಲಿಯಾಗುತ್ತದೋ ಅವರು ಎದ್ದು ಪಕ್ಕದ ಅಡುಗೆಮನೆಯಲ್ಲಿ ಎಲ್ಲರಿಗೂ ಕಾಫಿ ಮಾಡಬೇಕು. ಇದಕ್ಕೆ ರಿಯಾಯಿತಿ ಇಲ್ಲ, ಸಂಘದ ಅಧ್ಯಕ್ಷೆಯೇ ಸೆರಗು ಸಿಕ್ಕಿಸಿಕೊಂಡು ಒಲೆ ಮುಂದೆ ನಿಂತದ್ದಿದೆ. ಇನ್ನೊಂದು ಕಾಯ್ದೆ: ಗೆಲ್ಲಲ್ಲ ಅನಿಸಿದವರು 'ಪ್ಯಾಕ್' ಅಂತ ಹೇಳಿ ತಮ್ಮ ಎಲೆ ಮುಚ್ಚಿಟ್ಟುಬಿಡುತ್ತಾರೆ. ಹಾಗೆ ಮುಚ್ಚಿಟ್ಟ ಎಲೆಯನ್ನು ಯಾರೂ ಎತ್ತಿ ನೋಡುವ ಹಾಗಿಲ್ಲ.

ಈಗ ವಸಂತಳ ವಿಷಯಕ್ಕೆ ಬರೋಣ. ಅವಳೂ ನಾನೂ ಕಾಲೇಜಿನಲ್ಲಿ ಒಂದೇ ಬೆಂಚು. ಮದುವೆಯಾಗಿ ಅವಳು ಭದ್ರಾವತಿ ಸೇರಿದಳು, ನಾನು ಶಿವಮೊಗ್ಗದಲ್ಲೇ ಉಳಿದೆ. ಪೋಕರ್ ಮೇಜಿನಲ್ಲಿ ಅವಳ ಪಕ್ಕದ ಕುರ್ಚಿ, ಫ್ಯಾನಿನ ಕೆಳಗಿನದು, ನನ್ನದು. ನನ್ನ ಬಸ್ಸು ಎಷ್ಟೇ ಲೇಟಾಗಲಿ, ಆ ಕುರ್ಚಿಯ ಮೇಲೆ ಅವಳ ವ್ಯಾನಿಟಿ ಬ್ಯಾಗ್ ಕೂತಿರುತ್ತಿತ್ತು. ನಾನು ಬಂದ ತಕ್ಷಣ ಬ್ಯಾಗ್ ಎತ್ತಿ, "ಬಾರೆ" ಅನ್ನುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಸೆಲ್ವಿ ಬಂದಳು. ಭದ್ರಾವತಿಯದೇ ಜನ್ನಾಪುರದವಳು. ಮನೆಮಾತು ತಮಿಳು, ಕನ್ನಡ ನನಗಿಂತ ಚೆನ್ನಾಗಿ ಮಾತಾಡುತ್ತಾಳೆ. (ಅದೂ ಒಂದು ಉರಿ.) ದೊಡ್ಡ ನಗು, ದೊಡ್ಡ ಕುಂಕುಮ, ಕುಂಟುವ ಕಾಲು. ಎರಡನೇ ವಾರ ಹೋಗಿ ನೋಡಿದರೆ ನನ್ನ ಕುರ್ಚಿಯಲ್ಲಿ ಕೂತಿದ್ದಾಳೆ! ವ್ಯಾನಿಟಿ ಬ್ಯಾಗ್ ನೆಲದ ಮೇಲಿದೆ.

"ನೀನು ಆ ಕಡೆ ಕೂತ್ಕೊಳ್ಳೆ, ಗಾಳಿ ಅಲ್ಲೂ ಬರುತ್ತೆ," ಎಂದಳು ವಸಂತ. ಬರಲಿಲ್ಲ. ಒಂದು ಚೂರೂ ಬರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆ. ಇಬ್ಬರೂ ಶಿವಮೊಗ್ಗಕ್ಕೆ ಬಂದು ಗಾಂಧಿ ಬಜಾರಿನಲ್ಲಿ ಸೀರೆ ತೆಗೆದುಕೊಂಡು, ಜ್ಯೂಸ್ ಕುಡಿದು ವಾಪಸ್ ಹೋಗಿದ್ದಾರೆ. ನನ್ನ ಊರಿಗೆ! ಗೊತ್ತಾಗಿದ್ದು ವಾಟ್ಸಾಪ್ ಸ್ಟೇಟಸ್ ನೋಡಿ. ಒಂದು ಹೃದಯ ಒತ್ತಿ ಫೋನು ಸೋಫಾದ ಮೇಲೆ ಎಸೆದೆ. ನನ್ನ ಗಂಡ, "ಯಾರಿಗೆ ಏನಾಯ್ತು?" ಅಂದರು. ಏನಂತ ಹೇಳಲಿ? ಗಂಡ ಇನ್ನೊಬ್ಬಳ ಜೊತೆ ನಗುತ್ತಿದ್ದರೆ ಜಗಳ ತೆಗೆಯಬಹುದು, ತವರಿಗೆ ಫೋನು ಮಾಡಿ ಅಳಬಹುದು. ಗೆಳತಿ ಇನ್ನೊಬ್ಬಳ ಜೊತೆ ನಕ್ಕರೆ ಯಾರ ಹತ್ತಿರ ದೂರು ಕೊಡೋದು? ಅರವತ್ತರ ಹತ್ತಿರ ಬಂದವಳು "ನನ್ನ ಫ್ರೆಂಡನ್ನ ಕಿತ್ಕೊಂಡ್ಲು" ಅಂದರೆ ಯಾರಾದರೂ ನಗದೇ ಇರುತ್ತಾರಾ?

ಕಳೆದ ಶನಿವಾರದ ಆಟಕ್ಕೆ ಬರುತ್ತೇನೆ. ಸೆಲ್ವಿಯ ಬೀಜ ತಳ ಕಂಡಿತ್ತು. ಉಳಿದಿದ್ದಷ್ಟನ್ನೂ ಒಂದೇ ಸಲ ಮುಂದಕ್ಕೆ ತಳ್ಳಿ, "ಆಗಿದ್ದಾಗಲಿ ಮುರುಗಾ!" ಎಂದಳು. ಸೋತರೆ ಕಾಫಿ ಅವಳದ್ದೇ. ನಾವೆಲ್ಲ ಆಗಲೇ ಎಲೆ ಬಿಟ್ಟಿದ್ದೆವು, ಉಳಿದವಳು ವಸಂತ ಒಬ್ಬಳು. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳಲ್ಲಿ ಎರಡು ರಾಜ. ವಸಂತ ತನ್ನ ಕೈಯಲ್ಲಿದ್ದ ಎರಡು ಎಲೆ ನೋಡಿಕೊಂಡಳು, ಸೆಲ್ವಿಯನ್ನು ನೋಡಿದಳು, ನಿಟ್ಟುಸಿರು ಬಿಟ್ಟು "ಪ್ಯಾಕ್" ಅಂದಳು. ಸೆಲ್ವಿ ಖುಷಿಗೆ ತನ್ನ ಎಲೆ ತೋರಿಸಿದಳು. ಎರಡು ಗುಲಾಮ. ಬೀಜವನ್ನೆಲ್ಲ ಮಡಿಲಿಗೆ ಬಳಿದುಕೊಂಡಳು.

ಎಲೆ ಕಲೆಸುವ ಸರದಿ ನನ್ನದು. ಎಲ್ಲ ಒಟ್ಟು ಮಾಡುವಾಗ ವಸಂತ ಮುಚ್ಚಿಟ್ಟಿದ್ದ ಎಲೆಗಳ ಮೂಲೆಯನ್ನು ಹೆಬ್ಬೆರಳಿನಿಂದ ಎತ್ತಿಬಿಟ್ಟೆ. ಒಂದು ಎಕ್ಕ. ಇನ್ನೊಂದು ರಾಜ!

ಮೇಜಿನದು ಎರಡು, ಕೈಯದು ಒಂದು, ಮೂರು ರಾಜ. ಅದರ ಮುಂದೆ ಸೆಲ್ವಿಯ ಜೋಡಿ ಗುಲಾಮ ಯಾವ ಲೆಕ್ಕ? ಕಣ್ಣು ಮುಚ್ಚಿಕೊಂಡು ಗೆಲ್ಲುವ ಆಟ. ಅದನ್ನು ಎತ್ತಿ ಸೆಲ್ವಿಯ ಮಡಿಲಿಗೆ ಹಾಕಿದ್ದಾಳೆ.

ಮುಂದಿನ ಆಟ ನಾನು ಆಡಿದ್ದಲ್ಲ, ನನ್ನ ಸಿಟ್ಟು ಆಡಿದ್ದು. ವಸಂತ ಕೈಯಲ್ಲಿ ಒಳ್ಳೇ ಎಲೆ ಇಲ್ಲದೆ ಸುಳ್ಳು ಆಡುವಾಗ ಕಿವಿಯ ಓಲೆ ಮುಟ್ಟಿಕೊಳ್ಳುತ್ತಾಳೆ ಅಂತ ನಾನು ಕಂಡುಹಿಡಿದು ಎಷ್ಟೋ ವರ್ಷವಾಯಿತು. ಓಲೆ ಮುಟ್ಟಿದಳು. ನಾನು ಇದ್ದಬದ್ದ ಬೀಜವನ್ನೆಲ್ಲ ತಳ್ಳಿದೆ. ಅವಳು ಎಲೆ ತಿರುಗಿಸಿದಳು. ಸುಳ್ಳಾಗಿರಲಿಲ್ಲ. ನನ್ನ ಬೀಜವನ್ನೆಲ್ಲ ಗುಡಿಸಿಕೊಂಡು, ಮುಖದಲ್ಲಿ ಒಂದು ಚೂರೂ ಕರುಣೆ ಇಲ್ಲದೆ, "ಏಳೇ, ಕಾಫಿ ಇಡು," ಅಂದಳು.

ಡಿಕಾಕ್ಷನ್ ಇಳಿಯುತ್ತಿತ್ತು. ಹಾಲು ಕಾಯಿಸುತ್ತ ನಿಂತಿದ್ದೆ. ಲೋಟ ತೆಗೆದುಕೊಳ್ಳುವ ನೆಪದಲ್ಲಿ ವಸಂತ ಒಳಗೆ ಬಂದಳು.

"ರಾಜ ಇಟ್ಕೊಂಡು ಯಾಕೆ ಪ್ಯಾಕ್ ಅಂದೆ?" ನೇರವಾಗಿ ಕೇಳಿದೆ.

"ಎಲೆ ಎತ್ತಿ ನೋಡಿದ್ಯಾ? ನಾಚ್ಕೆ ಆಗಲ್ವೇನೇ ಮಾರಾಯ್ತಿ?"

"ನಾಚ್ಕೆ ಆಮೇಲೆ ಪಡ್ತೀನಿ. ನೀನು ಹೇಳು."

"ಅವಳ ಮಂಡಿ ಊದಿರೋದು ನೋಡಿದ್ಯಾ? ಬಸ್ಸಿಳಿದು ಇಲ್ಲಿ ತನಕ ನಡ್ಕೊಂಡು ಬರೋಷ್ಟ್ರಲ್ಲೇ ಸಾಕಾಗಿರುತ್ತೆ. ಇಲ್ಲಿ ಬಂದು ಒಲೆ ಮುಂದೆ ನಿಲ್ಬೇಕಾ?"

"ಅದಕ್ಕೆ ಸೋಲ್ಬೇಕಾ? ನೀನು ಕೂತ್ಕೊಳ್ಳಮ್ಮ, ನಾನು ಮಾಡ್ತೀನಿ ಅಂದ್ರೆ ಆಗಿತ್ತಲ್ಲ."

"ಹಾಗಂದ್ರೆ ಮುಂದಿನ ವಾರದಿಂದ ಬರೋದೇ ಬಿಡ್ತಾಳೆ. ನಿನಗೆ ಹಾಗಂದಿದ್ರೆ ನೀನು ಬರ್ತಿದ್ಯಾ?"

"ನನಗ್ಯಾಕೆ ಅನ್ಬೇಕಿತ್ತು?"

ವಸಂತ ಲೋಟ ಜೋಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನಿನ್ನ ಗರ್ಭಕೋಶದ ಆಪರೇಷನ್ ಆದ ವರ್ಷ ನೀನು ಒಂದಿನನಾದ್ರೂ ಕಾಫಿಗೆ ಎದ್ದಿದ್ಯಾ? ಯೋಚ್ನೆ ಮಾಡು. ಹಾಲು ಉಕ್ತಾ ಇದೆ ನೋಡು."

ಹಾಲು ಉಕ್ಕಿಯೇ ಹೋಯಿತು.

ಎದ್ದಿರಲಿಲ್ಲ. ಆ ವರ್ಷವಿಡೀ ನನ್ನ ಬೀಜ ಖಾಲಿಯಾಗಿಯೇ ಇರಲಿಲ್ಲ. ನನಗೆ ಆಟ ಒಲಿದಿದೆ ಅಂದುಕೊಂಡಿದ್ದೆ. ಅಂದುಕೊಂಡು ಸುಮ್ಮನಿದ್ದೆನಾ? ಇದೇ ಅಂಕಣದಲ್ಲಿ, ಎದುರಿಗೆ ಕೂತವರ ಮುಖ ಓದುವುದು ಹೇಗೆ ಅಂತ ನಿಮಗೆಲ್ಲ ಪಾಠ ಹೇಳಿದ್ದೆ. ಕಿವಿಯ ಓಲೆಯ ವಿಷಯವನ್ನೂ ಬರೆದಿದ್ದೆ. ವಸಂತ ಅದನ್ನು ಓದಿ, "ಚೆನ್ನಾಗಿ ಬರ್ದಿದ್ಯಾ ಕಣೇ," ಅಂದಿದ್ದಳು. ಆಗಲೂ ಓಲೆ ಮುಟ್ಟಿಕೊಂಡಿದ್ದಳೋ ಏನೋ, ನಾನು ನೋಡಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಕಣ್ಣು ತುಂಬಿಕೊಂಡಿತು. ಎಂಥ ಗೆಳತಿ ಎಂದು ಕರಗಿಹೋದೆ ಅಂತ ಬರೆದರೆ ನಿಮಗೂ ಹಿತ, ನನಗೂ ಮರ್ಯಾದೆ. ಆದರೆ ಸುಳ್ಳು. ಉರಿ ಆರಲಿಲ್ಲ, ಇನ್ನೂ ಜಾಸ್ತಿಯಾಯಿತು. ಕುರ್ಚಿ ಹೋದರೆ ಹೋಗಲಿ, ಸೀರೆ ಅಂಗಡಿಯೂ ಹೋಗಲಿ. ನನಗಾಗಿ ಗೆಲ್ಲುವ ಎಲೆ ಮುಚ್ಚಿಡುತ್ತಿದ್ದವಳು ಈಗ ಇನ್ನೊಬ್ಬಳಿಗಾಗಿ ಮುಚ್ಚಿಡುತ್ತಿದ್ದಾಳೆ. ನಾನು ಗುಣವಾಗಿದ್ದೇನೆ, ಗಟ್ಟಿಯಾಗಿದ್ದೇನೆ, ಅದಕ್ಕೇ ನನ್ನನ್ನು ಸೋಲಿಸುತ್ತಾಳೆ ಅಂತ ಬುದ್ಧಿಗೆ ಗೊತ್ತಾಗುತ್ತದೆ. ಹೊಟ್ಟೆಗೆ ಗೊತ್ತಾಗಬೇಕಲ್ಲ? ಗಟ್ಟಿ ಇರುವವರಿಗೆ ಯಾರೂ ಬೇಡವಾ?

ಇದನ್ನು ಬರೆಯುತ್ತಿರುವುದು ಶುಕ್ರವಾರ. ನಾಳೆ ಮತ್ತೆ ಭದ್ರಾವತಿ ಬಸ್ಸು. ಬೆಳಿಗ್ಗೆಯಿಂದ ಯಾಕೋ ನನ್ನ ಮಂಡಿಯೂ ಹಿಡಿದುಕೊಂಡ ಹಾಗಿದೆ, ಸ್ವಲ್ಪ ಕುಂಟಿಕೊಂಡು ಹೋದರೆ ತಪ್ಪಾ?