ವಾಪಸ್ ಬರಬೇಕಾದ ಕಿರೀಟ

ಕೋಣಂದೂರಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಯಕ್ಷಗಾನದ ವೇಷಭೂಷಣ ಬಾಡಿಗೆಗೆ ಕೊಡುತ್ತಿದ್ದರು. ಏನೇ ಕೊಡಲಿ, ಬಣ್ಣ ಹತ್ತಿದ ತೋರುಬೆರಳೆತ್ತಿ, “ವಾಪಸ್ ಬರ್ಬೇಕು, ಈಗ್ಲೇ ಹೇಳಿದೀನಿ” ಅನ್ನುವುದು ಅವರ ಅಭ್ಯಾಸ. ಶಾಲೆಯ ವಾರ್ಷಿಕೋತ್ಸವಕ್ಕೆ ಕಿರೀಟ ಕೊಡುವಾಗಲೂ ಅದೇ, ನಮಗೆ ಕಡುಬಿನ ಡಬ್ಬಿ ಕೊಡುವಾಗಲೂ ಅದೇ.

ಒಂದು ಭಾನುವಾರ ಜಗಲಿಯಲ್ಲಿ ಮೊಬೈಲು ಹಿಡಿದು ಕೂತಿದ್ದೆ. “ಎಂತ ಮಾಡ್ತಿದೀರಿ ಮಾರಾಯ್ರೆ?” ಎಂದು ಕೇಳಿದರು.

“ಆಟ. ಚೀನಾದವ್ರದ್ದು.”

“ಚೀನಾದಲ್ಲೂ ಮೇಳ ಇದ್ಯಾ? ಟಿಕೆಟ್ ಇಟ್ಟಿದಾರಾ, ಪುಕ್ಕಟೆ ಹರಕೆ ಆಟವಾ?”

ಅವರಿಗೆ ಆಟವೆಂದರೆ ಯಕ್ಷಗಾನ ಒಂದೇ. ನಗು ತಡೆದುಕೊಂಡು ವಿವರಿಸಿದೆ: ಆಟ ಪುಕ್ಕಟೆ, ವೇಷಕ್ಕೆ ಮಾತ್ರ ದುಡ್ಡು; ಅಲ್ಲಿನ ಕಂಪನಿಗಳು ಬದುಕುವುದೇ ಹೀಗಂತೆ.

“ಹಂಗಾರೆ ನಮ್ಮ ಕಸುಬೇ!” ಎಂದು ಹಿಗ್ಗಿದರು. ಕನ್ನಡಕ ಏರಿಸಿಕೊಂಡು, ಆಟದೊಳಗೆ ನಾನು ಕೊಂಡಿದ್ದ ಕಿರೀಟವನ್ನು ಪರೀಕ್ಷಿಸಿದರು. “ಬೇಗಡೆ ಹಚ್ಚಿದ್ದು ಹೊಳೀತಿದೆ, ಕೆಲ್ಸ ಚೆನ್ನಾಗಿದೆ.”

ಮುಂದಿನ ತಿಂಗಳು ಕಂಪನಿ ಆ ಆಟವನ್ನೇ ಮುಚ್ಚಿತು. ಜೊತೆಗೆ ನನ್ನ ಕಿರೀಟವೂ ಹೋಯಿತು. ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದರೆ ಅವರು ತಣ್ಣಗೆ, “ವಾಪಸ್ ತಗಂಡಿದ್ದು ತಪ್ಪಲ್ಲ. ಕೊಡುವಾಗ ಹೇಳಿದ್ರಾ?” ಎಂದರು.

ಹೇಳಿದ್ದರು, ನಾನು ಓದದೆ ಒಪ್ಪಿಕೊಂಡ ಸಣ್ಣ ಅಕ್ಷರಗಳಲ್ಲಿ.

ನನ್ನ ಪೆಚ್ಚು ಮೋರೆ ನೋಡಿ ಅವರು ಒಳಗೆ ಹೋದರು. ಪೆಟ್ಟಿಗೆಯಿಂದ ನಿಜವಾದ ಕಿರೀಟವೊಂದನ್ನು ತಂದು ನನ್ನ ತಲೆಗೆ ಬಿಗಿದು ಕಟ್ಟಿದರು. ಭಾರಕ್ಕೆ ಕುತ್ತಿಗೆ ಬಗ್ಗಿತು. ನಾನು ಕನ್ನಡಿ ನೋಡಿಕೊಳ್ಳುವ ಮೊದಲೇ, ಬಣ್ಣ ಹತ್ತಿದ ಆ ತೋರುಬೆರಳು ಮೇಲೆದ್ದಿತು.