ಹೋಳಿಯ ಬೈಗುಳ, ಮೈಕಿನ ಮಾತು

ಇವತ್ತು ಬೆಳಿಗ್ಗೆ ಚಹಾದ ಕಪ್ಪು ಹಿಡಿದು ಕಿಟಕಿ ತೆರೆದೆನೋ ಇಲ್ಲವೋ, ಹುಲ್ಲು ಸುಟ್ಟ ಹೊಗೆಯ ಜೊತೆ ಕಾದ ಚರ್ಮದ ವಾಸನೆ ಒಳಗೆ ಬಂತು. ಜಮಖಂಡಿಯಲ್ಲಿ ಹುಟ್ಟಿ ಬೆಳೆದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಓಣಿಯ ತುದಿಯಲ್ಲಿ ಯಾರೋ ಬಾರಿಸುವ ಹಲಗೆ ಕಾಯಿಸುತ್ತಿದ್ದಾರೆ, ಹೋಳಿ ಬಂತು. ಇನ್ನು ಬಣ್ಣದ ದಿನ ಮುಗಿಯುವವರೆಗೆ ಯಾರು ಯಾರಿಗೆ ಏನು ಬೈದರೂ ಅದು ಬೈದಂತಲ್ಲ. ಕಾಮಣ್ಣನ ಬೆಂಕಿಗೆಂದು ಯಾರ ಹಿತ್ತಲಿನ ಸಗಣಿಯ ಕುಳ್ಳು ಯಾರು ಹೊತ್ತುಕೊಂಡು ಹೋದರೂ ಅದು ಕಳವಲ್ಲ. ಗುಂಪು ಕಟ್ಟಿಕೊಂಡು ಮನೆ ಮನೆ ಮುಂದೆ ನಿಂತು, ಆ ಮನೆಯವರ ಮೇಲೆ ಏನಾದರೊಂದು ಕಟ್ಟಿ ಕೂಗಿ, ಅಂಗೈ ಬಾಯಿಗೆ ಬಡಿದುಕೊಂಡು ‘ಲಬೋ ಲಬೋ’ ಎಂದು ಹೊಯ್ಕೊಳ್ಳುತ್ತಾರೆ. ಬೈಸಿಕೊಂಡವರು ಹೊರಗೆ ಬಂದು ತಿರುಗಿ ಬೈಯಬೇಕು. ಸಿಟ್ಟಾದರೆ ಅವರೇ ಸೋತ ಹಾಗೆ.

ನಾನು ಮಾತ್ರ ಈ ವಿದ್ಯೆಯಲ್ಲಿ ಮೊದಲಿನಿಂದಲೂ ಹಿಂದೆ. ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಆಯುಷ್ಯ ಸವೆಸಿದವನು. ಪ್ರಿಂಟರ್ ಕೆಟ್ಟರೂ ನನಗೇ ಬೈಗುಳ, ನೆಟ್‌ವರ್ಕ್ ಹೋದರೂ ನನಗೇ. ಹೀಗೆ ವರ್ಷವಿಡೀ ಬೈಸಿಕೊಳ್ಳುವವನಿಗೆ ಹೋಳಿಯಲ್ಲಿ ಬೇರೆ ವಿಶೇಷವೇನಿದ್ದೀತು? ನೌಕರಿಯ ಮರ್ಯಾದೆ ಎಂಬ ನೆವ ಹೇಳಿ, ಬಾಗಿಲ ಹಿಂದೆ ನಿಂತು ಕೇಳಿ ನಗುವುದಷ್ಟೇ ನನ್ನ ಪಾಲಿನ ಹಬ್ಬ. ಆದರೆ ಈ ಹೊಗೆ ಮೂಗಿಗೆ ಬಡಿದ ಕೂಡಲೇ ನನಗೆ ನೆನಪಾಗುವವಳು ನನ್ನ ಸೋದರತ್ತಿ, ಬನಹಟ್ಟಿಯ ನೀಲತ್ತಿ.

ನೀಲತ್ತಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಹಣೆಗೆ ವಿಭೂತಿ, ಕಂಕುಳಲ್ಲಿ ಛತ್ರಿ, ಬಲಗೈಯ ಎರಡು ಬೆರಳು ಯಾವಾಗಲೂ ಯಾರದೋ ಕಿವಿಯನ್ನು ಹುಡುಕುತ್ತಿರುವ ಹಾಗೆ ಮಡಚಿಕೊಂಡಿರುತ್ತಿದ್ದವು. ಅವಳ ಓಣಿಯಲ್ಲಿ ಮಗ್ಗ ನಡೆಸುವ ಗಂಡಸರ ಪೈಕಿ ಆ ಬೆರಳುಗಳ ರುಚಿ ನೋಡದ ಕಿವಿ ಇರಲಿಲ್ಲ. ಹಾಗಾಗಿ ಹೋಳಿಯ ದಿನ ಎಲ್ಲರ ಸೇಡೂ ಅವಳ ಬಾಗಿಲಲ್ಲೇ ತೀರಬೇಕು. ಗುಂಪಿಗೆ ಮುಂದಾಳು ನೇಕಾರ ಶಂಕ್ರಪ್ಪ. “ನೀಲಕ್ಕ ಅಕ್ಕೋರು ಕತ್ತಿಗಿ ಬಾರಾಖಡಿ ಕಲಿಸ್ಯಾರ! ಕತ್ತಿ ಪಾಸಾತು, ಅಕ್ಕೋರ ನಪಾಸಾದ್ರು! ಲಬೋ ಲಬೋ!” ಎಂದು ಕತ್ತೆಯ ಕತೆ ಕಟ್ಟಿ ಅವನು ಕೂಗುವುದೇ ತಡ, ಅತ್ತಿ ಸೆರಗು ಬಿಗಿದು ಹೊರಗೆ ಬರುವಳು. “ಆ ಕತ್ತಿ ನಿನ್ನ ಬಾಜೂಕ ಕುಂತಿತ್ತಲ್ಲೋ ಶಂಕ್ರಾ, ನಿನ್ನ ಪಾಟಿ ನೋಡೇ ಅದು ಇನ್ನೊಂದು ವರ್ಷ ತಡಾ ಪಾಸಾತು!” ಆಮೇಲೆ ಎಲ್ಲರಿಗೂ ಮಜ್ಜಿಗೆ, ಹೋಳಿಗೆ. ಆ ಹೋಳಿಗೆಯ ಆಸೆಗೆ ನಾನು ಪ್ರತಿ ವರ್ಷ ಬಣ್ಣದ ದಿನ ಜಮಖಂಡಿಯಿಂದ ಸ್ಕೂಟರ್ ಹತ್ತುತ್ತಿದ್ದೆ. ಅತ್ತಿಯ ಮೇಲಿನ ಪ್ರೀತಿ ಎಂದು ಹೊರಗೆ ಹೇಳುತ್ತಿದ್ದೆ. ಎರಡೂ ಸುಳ್ಳಲ್ಲ.

ಕೆಲವು ವರ್ಷಗಳ ಹಿಂದೆ ಈ ಆಟದ ನಡುವೆ ಬಂದವರು ಸಾವ್ಕಾರರು. ಹೆಸರು ಬೇಡ. ಜಿಲ್ಲಾ ಪಂಚಾಯಿತಿಯ ಮಾಜಿ ಸದಸ್ಯರು, ಮುಂದೆ ಇನ್ನೂ ದೊಡ್ಡವರಾಗುವ ತಯಾರಿಯಲ್ಲಿದ್ದವರು. ಪೆಟ್ರೋಲ್ ಬಂಕು, ಕಲ್ಯಾಣ ಮಂಟಪ, ಕಲ್ಲಿನ ಕ್ರಷರ್. ಅತ್ತಿಯ ಶಾಲೆಯ ಹೊಸ ಕೋಣೆಗಳನ್ನು ಕಟ್ಟಿದ್ದು ಅವರ ಅಳಿಯ. ಉದ್ಘಾಟನೆಯ ರಿಬ್ಬನ್ ಕತ್ತರಿಸುವ ಮೊದಲೇ ಗೋಡೆ ಬಿರುಕು ಬಿಟ್ಟಿತ್ತು. ಪಾಲಕರ ಸಭೆಯಲ್ಲಿ ಸಾವ್ಕಾರರು ಅಭಿವೃದ್ಧಿಯ ಬಗ್ಗೆ ಮಾತಾಡಿ ಕೂತಾಗ ಅತ್ತಿ ಎದ್ದು ನಿಂತು ಒಂದೇ ಮಾತು ಕೇಳಿದಳು. “ಈ ಖೋಲ್ಯಾಗ ನಿಮ್ಮ ಮೊಮ್ಮಕ್ಕಳನ್ನ ಕುಂಡ್ರಸ್ತೀರೇನ್ರಿ?”

ಸಭೆಗೆ ಸಭೆಯೇ ತುಟಿ ಕಚ್ಚಿಕೊಂಡಿತಂತೆ. ಸಾವ್ಕಾರರು ನಕ್ಕು ಕೈ ಮುಗಿದು ಹೋದರು. ಆ ನಗೆಯ ಅರ್ಥ ತಿಳಿದದ್ದು ಹೋಳಿ ಹುಣ್ಣಿಮೆಯ ಸಂಜೆ. ಕಾಮಣ್ಣನ ಕಟ್ಟೆಯ ಹತ್ತಿರ ಅವರ ಹುಡುಗರು ಕಟ್ಟಿದ ಸ್ಟೇಜಿನ ಮೇಲೆ ಮೈಕು ಹಿಡಿದು, ಹಬ್ಬದ ಚೇಷ್ಟೆ ಎಂಬಂತೆ ಹೇಳಿದರು: “ನೀಲಕ್ಕ ಅಕ್ಕೋರ ಸಾಲ್ಯಾಗ ಮಕ್ಕಳಿಗಿ ಬರೂ ಹಾಲಿನ ಪುಡಿ ಎಲ್ಲಿ ಹೊಕ್ಕೈತಿ ಗೊತ್ತೈತೇನ? ಚಾದಂಗಡಿಗಿ! ಅಕ್ಕೋರು ಮಾರ್ಕೊಂಡ ತಿಂದಾರ!” ಕೆಳಗಿದ್ದವರು ಲಬೋ ಲಬೋ ಎಂದರು. ಹೋಳಿಯಲ್ಲವೇ? ಅವರ ಹುಡುಗರೇ ಅದರ ವಿಡಿಯೋಕ್ಕೆ ಹಾಡು ಕೂಡಿಸಿ ಮೊಬೈಲಿನಲ್ಲಿ ಹಂಚಿದರು. ಮುಧೋಳದಿಂದ ಬೀಳಗಿಯವರೆಗೆ ನೆಂಟರ ಫೋನುಗಳೆಲ್ಲ ಗುಣುಗುಟ್ಟಿದವು.

ಮರುದಿನ ಎಂದಿನಂತೆ ನಾನು ಹೋದೆ. ಅತ್ತಿ ಏನೂ ಆಗಿಲ್ಲವೆಂಬಂತೆ ಹೋಳಿಗೆ ಮಾಡಿದ್ದಳು, ಮಜ್ಜಿಗೆಗೆ ಕೊತ್ತಂಬರಿ ಹಾಕಿದ್ದಳು. ಹಲಗೆಯ ಸಪ್ಪಳ ಓಣಿಗೆ ತಿರುಗಿತು. ಪಕ್ಕದ ಮನೆಯ ಮುಂದೆ ಲಬೋ ಲಬೋ ಆಯಿತು. ಅತ್ತಿ ಸೆರಗು ಬಿಗಿದು ಬಾಗಿಲಿಗೆ ಬಂದಳು. ಅವಳ ಮನೆ ಬರುತ್ತಿದ್ದಂತೆ ಹಲಗೆ ನಿಂತಿತು. ಶಂಕ್ರಪ್ಪ ತಲೆ ಕೆಳಗೆ ಹಾಕಿದ. ಗುಂಪು ಒಂದು ಮಾತೂ ಆಡದೆ, ಆಸ್ಪತ್ರೆಯ ಮುಂದೆ ಹಾಯುವವರಂತೆ ಹಾದು ಹೋಗಿ, ಮುಂದಿನ ಮನೆಯ ಹತ್ತಿರ ಮತ್ತೆ ಹಲಗೆ ಬಾರಿಸಿತು.

ಅತ್ತಿ ಹೊಸ್ತಿಲ ಮೇಲಿಂದಲೇ ನನ್ನ ಕಡೆ ತಿರುಗಿದಳು. “ಲೇ ತಮ್ಮಾ, ಇವ್ರು ನನ್ನ ಪಾಪ ಅಂತ ಬಿಟ್ಟ ಹ್ವಾದ್ರೋ, ಸಾವ್ಕಾರ ಅಂದದ್ದು ಖರೆ ಅಂತ ಬಿಟ್ಟ ಹ್ವಾದ್ರೋ?” ನನ್ನ ಬಾಯಲ್ಲಿ ಹೋಳಿಗೆ ಇತ್ತು. ಅವಳ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಕೆಲವು ದಿನಕ್ಕೆ ಶಿಕ್ಷಣ ಇಲಾಖೆಯವರು ಬಂದು ತಪಾಸಣೆ ಮಾಡಿ, ಪುಡಿಯೆಲ್ಲ ಸರಿ ಇದೆ ಎಂದು ಹೇಳಿ ಹೋದರು. ಹೇಳಿದ್ದು ಶಾಲೆಯ ಕೋಣೆಯೊಳಗೆ. ಅದಕ್ಕೆ ಯಾರೂ ಹಾಡು ಕೂಡಿಸಿ ಮೊಬೈಲಿಗೆ ಹಾಕಲಿಲ್ಲ.

ಅತ್ತಿ ಮಾನಹಾನಿಯ ಫಿರ್ಯಾದು ಹಾಕಿದಳು. ಸಾವ್ಕಾರರ ಪರವಾಗಿ ಹಿರಿಯರೊಬ್ಬರು ಶಾಲು, ಹಣ್ಣು ಹಿಡಿದು ಮನೆಗೆ ಬಂದರು. “ಹಬ್ಬದ ಮಾತು, ಬಿಡ್ರಿ ಅಕ್ಕೋರ. ಸಾವ್ಕಾರ್ರು ನಿಮ್ಮ ಮನೀಗಿ ಬಂದು ಚಾ ಕುಡದು ಹೋಗ್ತಾರ, ಮುಗೀತು.” ಅತ್ತಿ ಅವರಿಗೂ ಚಹಾ ಕೊಟ್ಟಳು, ಹಣ್ಣು ತಿರುಗಿ ಕೊಟ್ಟಳು. “ಊರ ಮುಂದ ಅಂದದ್ದನ್ನ ಅಡಗಿ ಮನ್ಯಾಗ ಒರಸಾಕ ಬರ್ತೇತೇನ್ರಿ? ನನಗ ಅವರ ಶಿಕ್ಷಾ ಬ್ಯಾಡ. ಅದ ಕಟ್ಟಿ ಮ್ಯಾಲ, ಅದ ಮೈಕಿನ್ಯಾಗ, ಸುಳ್ಳ ಹೇಳೇನಿ ಅಂತ ಅನ್ನಲಿ. ಅವತ್ತ ಕೇಸ ಹಿಂದ ತಗೋತೀನಿ.” ಸಾವ್ಕಾರರಿಗೆ ಅದು ಆಗದ ಮಾತು. ಕೇಸು ನಡೆಯಿತು. ನಾನು ಸ್ಕೂಟರಿನ ಸಾರಥಿಯಾದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಪ್ರತಿ ತಾರೀಖಿಗೂ ಬನಹಟ್ಟಿ ಕೋರ್ಟಿಗೆ ಹೋಗುವುದು, ಅತ್ತಿಯ ಪಕ್ಕ ಬೆಂಚಿನ ಮೇಲೆ ಕೂರುವುದು, ತಾರೀಖು ಮುಂದೆ ಹೋಯಿತೆಂದರೆ ಎದುರಿನ ಅಂಗಡಿಯಲ್ಲಿ ಮಿರ್ಚಿ ಭಜಿ ತಿನ್ನುವುದು. ನ್ಯಾಯ ನಿಧಾನವಾದಷ್ಟೂ ನನ್ನ ಹೊಟ್ಟೆ ಮುಂದೆ ಬಂತು.

ಸಾವ್ಕಾರರು ಮೊದಲ ಸಲ ಕೋರ್ಟಿಗೆ ಬಂದ ದಿನದ ಮಾತು ಹೇಳಲೇಬೇಕು. ಕಾರಿನ ಬಾಗಿಲ ಸಪ್ಪಳ ಕೇಳಿದ್ದೇ ಪಡಸಾಲೆಯ ಬೆಂಚುಗಳೆಲ್ಲ ಖಾಲಿಯಾದವು. ಎಲ್ಲರೂ ಎದ್ದು ನಿಂತಿದ್ದರು. ನೋಡಿದರೆ ನಾನೂ ನಿಂತಿದ್ದೇನೆ! ಕಾಲುಗಳು ನನ್ನನ್ನು ಕೇಳಿರಲೇ ಇಲ್ಲ. ಅತ್ತಿ ಅಂಗಿ ಹಿಡಿದು ಜಗ್ಗಿದಳು. “ಕುಂದ್ರು. ಇಲ್ಲಿ ಜಡ್ಜ್ ಸಾಹೇಬ್ರು ಬಂದ್ರಷ್ಟ ಏಳೂದು.” ಸ್ವಲ್ಪ ಹೊತ್ತಿಗೆ ಪಟ್ಟೇವಾಲಾ ಬಾಗಿಲಿಗೆ ಬಂದು ಸಾವ್ಕಾರರ ಹೆಸರು ಕೂಗಿದ. ಬರೀ ಹೆಸರು. ಹಿಂದೆ ಶ್ರೀ ಇಲ್ಲ, ಮುಂದೆ ಸಾವ್ಕಾರ ಇಲ್ಲ, ಅವರು ಅನ್ನುವ ಒಂದು ಬಹುವಚನವೂ ಇಲ್ಲ. ಅವರ ಹೆಸರನ್ನು ಹಾಗೆ ಬತ್ತಲೆಯಾಗಿ ಊರು ಎಂದೂ ಕೇಳಿರಲಿಲ್ಲ. ಸಾವ್ಕಾರರು ಒಳಗೆ ಹೋಗಿ ಕಟಕಟೆಯಲ್ಲಿ ನಿಂತರು. ನಿಂತಿದ್ದರು ಅಷ್ಟೇ, ಬೇರೇನೂ ಆಗಲಿಲ್ಲ. ಆದರೂ ಅಂದು ತಿಂದ ಭಜಿಗೆ ಬೇರೆಯೇ ರುಚಿ ಇತ್ತು.

ಅವರ ವಕೀಲರು ಬೆಂಗಳೂರಿನವರು, ಒಳ್ಳೆಯ ಮಾತುಗಾರರು. ಸಾಕ್ಷಿಕಟ್ಟೆ ಹತ್ತಿದ ಅತ್ತಿಯನ್ನು ಮೆಲ್ಲಗೆ ಕೇಳಿದರು.

“ಹೋಳಿಯಲ್ಲಿ ಬೈದರೆ ಬೇಸರ ಮಾಡಿಕೊಳ್ಳಬಾರದು ಎಂಬುದು ನಿಮ್ಮ ಊರಿನ ಪದ್ಧತಿ. ಹೌದೋ, ಅಲ್ಲವೋ?”

“ಹೌದ್ರಿ.”

“ನಿಮ್ಮನ್ನೂ ಪ್ರತಿ ವರ್ಷ ಬೈಯುತ್ತಿದ್ದರು. ನೀವು ನಗುತ್ತಿದ್ದಿರಿ.”

“ನಗೂದಷ್ಟ ಅಲ್ರಿ, ತಿರುಗಿ ಬೈತಿದ್ದೆ.”

“ಸರಿ. ಎಲ್ಲರಿಗೂ ಇರುವ ಆ ಸ್ವಾತಂತ್ರ್ಯ ನನ್ನ ಕಕ್ಷಿದಾರರಿಗೆ ಮಾತ್ರ ಯಾಕಿಲ್ಲ? ಶ್ರೀಮಂತರು ಅಂತಲೇ?”

ಮಾತು ನ್ಯಾಯವಾಗಿಯೇ ಇತ್ತಲ್ಲ! ಅತ್ತಿ ಕನ್ನಡಕ ಸರಿಮಾಡಿಕೊಂಡಳು. “ಐತ್ರಿ, ಅವ್ರಿಗೂ ಐತಿ. ಆದ್ರ ಶಂಕ್ರಪ್ಪ ನನ್ನ ಬಾಗಲಿಗಿ ಬಂದು ಬೈತಾನ, ನಾ ಅಲ್ಲೇ ತಿರುಗಿ ಅಂತೀನಿ. ಇವ್ರ ಕೈಯಾಗ ಮೈಕ್ ಇತ್ತು, ನನ್ನ ಕೈಯಾಗ ಏನಿತ್ರಿ? ಕತ್ತಿ ಪಾಸಾತು ಅಂದ್ರ ಯಾರೂ ನಂಬೂದಿಲ್ಲ, ಅದಕ್ಕ ನಗತಾರ. ಇವ್ರು ಅಂದದ್ದನ್ನ ಜನಾ ನಂಬಿದ್ರು. ಹೋಳ್ಯಾಗ ಕುಳ್ಳ ಕದೀತಾರ ಖರೆ. ಹೋಳಿ ಐತಿ ಅಂತ ಯಾರೂ ಎಮ್ಮಿ ಹೊಡಕೊಂಡ ಹೋಗೂದಿಲ್ರಿ.”

ಕೋರ್ಟಿನಲ್ಲಿ ನಗೆ ತಡೆಯಲು ಎಲ್ಲರಿಗೂ ಒಮ್ಮೆಲೇ ಕೆಮ್ಮು ಬಂತು. ವಕೀಲರೂ ಮುಖ ಆ ಕಡೆ ತಿರುಗಿಸಿದರು. ನ್ಯಾಯಾಧೀಶರು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು.

ತೀರ್ಪು ಬಂದದ್ದು ಈ ಚಳಿಗಾಲದಲ್ಲಿ, ಅತ್ತಿ ನಿವೃತ್ತಳಾದ ಮೇಲೆ. ಕಾನೂನಿನ ಭಾಷೆ ನನಗೆ ಪೂರ್ತಿ ತಿಳಿಯಲಿಲ್ಲ. ಮಾತಾಡುವ ಹಕ್ಕು ದೊಡ್ಡದು, ಚೇಷ್ಟೆಗೂ ಟೀಕೆಗೂ ಅದರಲ್ಲಿ ಜಾಗವಿದೆ, ಸುಳ್ಳೆಂದು ಗೊತ್ತಿದ್ದೂ ಒಬ್ಬರ ಪ್ರಾಮಾಣಿಕತೆಯ ಮೇಲೆ ಆರೋಪ ಹೊರಿಸುವುದಕ್ಕೆ ಇಲ್ಲ, ಎಂಬಷ್ಟು ತಿಳಿಯಿತು. ಸಾವ್ಕಾರರು ತಪ್ಪಿತಸ್ಥರು ಎಂದೂ ತಿಳಿಯಿತು. ದಂಡ ಹಾಕಿದರು. ಅವರು ಮೇಲಿನ ಕೋರ್ಟಿಗೆ ಹೋಗಿದ್ದಾರೆ, ಅದು ಇನ್ನೂ ನಡೆದಿದೆ. ನನಗೆ ಅಸಮಾಧಾನ. ಅವರಂಥವರಿಗೆ ದಂಡ ಯಾವ ಲೆಕ್ಕ? ಅತ್ತಿಗೆ ಮಾತ್ರ ‘ಸುಳ್ಳು’ ಎಂಬ ಶಬ್ದ ತೀರ್ಪಿನಲ್ಲಿ ಬಂದದ್ದೇ ಸಾಕಾಗಿತ್ತು. ಗೆದ್ದ ಹುರುಪಿನಲ್ಲಿ ನಾನು, ಆ ಮಾತು ಆಡಿಕೊಂಡು ನಕ್ಕ ಚಾದಂಗಡಿಯವನ ಮೇಲೂ ಒಂದು ಕೇಸ ಹಾಕೂಣು ಅಂದೆ. ಸ್ಕೂಟರಿನ ಹಿಂದೆ ಕೂತಿದ್ದ ಅತ್ತಿ ಛತ್ರಿಯಿಂದ ನನ್ನ ಬೆನ್ನಿಗೆ ತಿವಿದಳು. “ಹಾಕು, ಊರ ತುಂಬಾ ಹಾಕು. ಆಮ್ಯಾಲ ನಾನೂ ಒಬ್ಬಾಕಿ ಸಾವ್ಕಾರ ಆಗಿಬಿಡ್ತೀನಿ. ನಾ ಹೋಗಿದ್ದು ಯಾರ ಬಾಯೀನೂ ಹೊಲ್ಯಾಕ ಅಲ್ಲೋ ಹುಚ್ಚಾ.”

ಇದನ್ನೆಲ್ಲ ನೆನೆಯುವಷ್ಟರಲ್ಲಿ ಚಹಾ ಆರಿಹೋಯಿತು. ಅದನ್ನು ಅಲ್ಲೇ ಬಿಟ್ಟು, ಸ್ಕೂಟರ್ ಹತ್ತಿ ಬನಹಟ್ಟಿಗೆ ಬಂದೆ. ಇದನ್ನು ಬರೆಯುತ್ತಿರುವುದೂ ಅತ್ತಿಯ ಮನೆಯ ಪಡಸಾಲೆಯಲ್ಲೇ ಕೂತು.

ಮಧ್ಯಾಹ್ನ ಗುಂಪು ಬಂತು. ಅತ್ತಿ ಬಾಗಿಲಲ್ಲಿ ನಿಂತಿದ್ದಳು. ಹಲಗೆ ನಿಂತಿತು, ಕೇಸು ನಡೆದ ಅಷ್ಟೂ ವರ್ಷ ನಿಂತ ಹಾಗೆಯೇ. ಆದರೆ ಈ ಸಲ ಶಂಕ್ರಪ್ಪ ಹಾದು ಹೋಗಲಿಲ್ಲ. ಕಾಲು ಬದಲಿಸುತ್ತ ನಿಂತು ಕೇಳಿದ. “ಅಕ್ಕೋರ, ಬೈಬೇಕಂತ ಭಾಳ ಆಸೆ ಐತ್ರಿ. ಆದ್ರ… ಕೇಸ ಹಾಕೂದಿಲ್ಲ ಹೌದಲ್ರಿ?”

ಅವನು ಚೇಷ್ಟೆ ಮಾಡುತ್ತಿರಲಿಲ್ಲ. ಖರೆಯೇ ಹೆದರಿದ್ದ. ಅತ್ತಿಯ ಮುಖ ಒಂದು ಕ್ಷಣ ಸಣ್ಣದಾಯಿತು. ಇಷ್ಟು ವರ್ಷ ನಡೆದಾಡಿ ಗೆದ್ದದ್ದು ಇದಕ್ಕೇನು ಎಂದು ಕೇಳುವ ಹಾಗೆ ನನ್ನ ಕಡೆ ನೋಡಿದಳು. ಆಮೇಲೆ ಸೆರಗು ಬಿಗಿದಳು.

“ಖರೆ ಅನಸೂವಂಗ ಸುಳ್ಳ ಹೇಳಿದ್ರ ಹಾಕತೀನಿ. ಯಾರೂ ನಂಬಲಾರದಂಗ ಬೈ. ಬರೂದಿಲ್ಲೇನ?”

ಶಂಕ್ರಪ್ಪ ತಲೆ ಕೆರೆದುಕೊಂಡ. ಅವನ ಮುಖ ಮೆಲ್ಲಗೆ ಅರಳಿತು. ಎರಡೂ ಕೈ ಮೇಲೆತ್ತಿ ಓಣಿ ಅದುರುವಂತೆ ಕೂಗಿದ. “ನೀಲಕ್ಕ ಅಕ್ಕೋರು ಸಾಲ್ಯಾಗ ಒಬ್ಬರ ಕಿವೀನೂ ಹಿಂಡಿಲ್ಲೋ!”

ಮರುಗಳಿಗೆ ಗುಂಪಿನಲ್ಲಿದ್ದವರೆಲ್ಲ, ಅರ್ಧ ತಲೆ ನರೆತ ಗಂಡಸರು, ತಮ್ಮ ತಮ್ಮ ಕಿವಿ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. ಲಬೋ ಲಬೋ ಎಂದು ಬಾಯಿ ಬಡಿದುಕೊಂಡರು. ಅತ್ತಿ ಸೆರಗು ಬಾಯಿಗೊತ್ತಿ ನಗುತ್ತಲೇ ಇದ್ದಳು, ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ಏನು ಬಂತೋ ನನಗೆ, ಬಾಗಿಲ ಹಿಂದಿನಿಂದ ಹೊರಗೆ ಬಂದು ಅವಳ ಮುಂದೆ ನಿಂತೆ. ಅಂಗೈ ಬಾಯಿಗೆ ತಂದು, ಅಂಜುತ್ತ ಅಂಜುತ್ತ, “ನಮ್ಮತ್ತಿ ಯಾರಿಗೂ ಎದುರು ಮಾತಾಡೂದಿಲ್ಲೋ, ಲಬೋ ಲಬೋ” ಎಂದೆ.

ನನ್ನ ದನಿ ಆ ನಗೆಯ ಗದ್ದಲ ದಾಟಲಿಲ್ಲ. ಅತ್ತಿ ಕಣ್ಣೊರೆಸಿಕೊಂಡು ಗದರಿದಳು.

“ಜೋರಾಗಿ ಅನ್ನಲೇ! ಬಾಜೂ ಓಣಿಗೂ ಕೇಳಬೇಕು.”