ನೂರಕ್ಕೆ ಎಪ್ಪತ್ತೊಂದು

ಕಳೆದ ವಾರ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ತಿನ್ನುತ್ತ ಕೂತಿದ್ದೆ. ಫೋನಿಗೆ ಒಂದು ಸಂದೇಶ ಬಂತು. ‘ಮಾನ್ಯ ಗ್ರಾಹಕರೇ, ನ್ಯಾಯಯುತ ಬಳಕೆಯ ನಿಯಮದಂತೆ ನಿಮ್ಮ ಇಂಟರ್‌ನೆಟ್ ವೇಗವನ್ನು ತಗ್ಗಿಸಲಾಗಿದೆ. ನಿಮ್ಮ ಸಹಕಾರಕ್ಕೆ ಧನ್ಯವಾದಗಳು.’ ನಾನು ಯಾವ ಸಹಕಾರವನ್ನೂ ಕೊಟ್ಟಿರಲಿಲ್ಲ. ಕತ್ತು ಹಿಸುಕಿದ ಮೇಲೆ ಕತ್ತಿನ ಯಜಮಾನನಿಗೆ ಧನ್ಯವಾದ ಹೇಳುವ ರೂಢಿ ಈ ಧಂದೆಯಲ್ಲಿ ಮಾತ್ರ ಇದೆ.

“ಯಾಕ, ಮುಖ ಹಂಗ ಮಾಡಿದ್ರಿ? ಉಪ್ಪು ಹೆಚ್ಚಾತೇನು?” ಎಂದಳು ಹೆಂಡತಿ. ಉಪ್ಪು ಸರಿಯಾಗಿಯೇ ಇತ್ತು. ಇಂಥ ವಾಕ್ಯಗಳನ್ನು ಬರೆಯುವುದು ಒಂದು ಕಾಲಕ್ಕೆ ನನ್ನ ಹೊಟ್ಟೆಪಾಡಾಗಿತ್ತು. ಬರೀ ಬರೆಯುವುದಷ್ಟೇ ಅಲ್ಲ, ಹಿಸುಕುವುದೂ ನನ್ನದೇ ಕೆಲಸ. ಶಾಮನೂರಿನ ಹೊಸ ಬಡಾವಣೆಯಲ್ಲಿ ನಾನೀಗ ಕಟ್ಟಿಕೊಂಡಿರುವ ಮನೆಯ ತಳಪಾಯದಲ್ಲಿ ಆ ಕೆಲಸವೂ ಇದೆ.

ಹದಿನಾಲ್ಕು ಹದಿನೈದು ವರ್ಷದ ಹಿಂದಿನ ಮಾತು. ಕೇಬಲ್ ಟಿವಿಯವರು ಇಂಟರ್‌ನೆಟ್ಟನ್ನೂ ಮನೆಮನೆಗೆ ಎಳೆದುಕೊಡಲು ಶುರು ಮಾಡಿದ್ದ ಕಾಲ. ದಾವಣಗೆರೆಯ ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿ ಮಂಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ಅವರು ಚೀಲ ಕೊಡವಿದರೆ ಮೇಲೆ ನಾವೆಲ್ಲ ಸಾಲಾಗಿ ಸೀನುತ್ತಿದ್ದೆವು. ದೂರು ಹೇಳಲು ಫೋನ್ ಮಾಡಿದವರಿಗೆ ಮೊದಲು ಸೀನು, ಆಮೇಲೆ ನಮಸ್ಕಾರ. ನನ್ನ ಹುದ್ದೆಗೆ ನೆಟ್‌ವರ್ಕ್ ಇಂಜಿನಿಯರ್ ಎಂಬ ಹೆಸರಿತ್ತು. ಹೆಣ್ಣು ನೋಡಲು ಹೋದ ಕಡೆಯೆಲ್ಲ ಆ ಹೆಸರು ನನಗಿಂತ ಮುಂದೆ ಹೋಗಿ ಚೆನ್ನಾಗಿ ಕೂತಿರುತ್ತಿತ್ತು.

ಸಂಜೆಯಾದರೆ ನಮ್ಮ ನೆಟ್ ತೆವಳುತ್ತಿತ್ತು. ಇದ್ದ ಸಾಮರ್ಥ್ಯಕ್ಕಿಂತ ಬಹಳ ಹೆಚ್ಚು ಮನೆಗಳಿಗೆ ಸಂಪರ್ಕ ಕೊಟ್ಟುಬಿಟ್ಟಿದ್ದೆವು, ಕಾರಣ ಅಷ್ಟೇ. ಆದರೆ ಕಂಪನಿಯ ಯಜಮಾನರು ಬೇರೊಂದು ಕಾರಣ ಕಂಡುಹಿಡಿದಿದ್ದರು. “ಟೊರೆಂಟ್ ಹಾಕಿ ದೊಡ್ಡ ದೊಡ್ಡ ಫೈಲ್ ಹಂಚ್ಕೋತಾರಲ್ಲ, ಅವರೆಲ್ಲ ಸಿನಿಮಾ ಕಳ್ಳರು. ಲೈನ್ ಎಲ್ಲಾ ಅವರೇ ಕುಡೀತಾರೆ. ಅವರನ್ನ ಹಿಡಿದು ಕಟ್ಟಿಹಾಕು” ಎಂದರು. ಅದಕ್ಕೆಂದೇ ಒಂದು ಯಂತ್ರ ತರಿಸಿದರು. ತಂತಿಯಲ್ಲಿ ಹರಿಯುವ ಮಾಹಿತಿಯ ಮುಖ ನೋಡಿ ಇದು ಮೇಲ್, ಇದು ವಿಡಿಯೊ, ಇದು ಟೊರೆಂಟ್ ಎಂದು ಅದು ಗುರುತು ಹಿಡಿಯುತ್ತಿತ್ತು. ಟೊರೆಂಟ್ ಕಂಡರೆ ನಲ್ಲಿಯಲ್ಲಿ ಹನಿ ಬೀಳುವಷ್ಟು ಮಾತ್ರ ಬಿಡು ಎಂಬ ಆಜ್ಞೆಯನ್ನು ಅದಕ್ಕೆ ಕೊಟ್ಟವನು ನಾನು. ಅವತ್ತು ಯಜಮಾನರು ನನ್ನ ಬೆನ್ನು ತಟ್ಟಿದರು. ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ?

ನಾವು ಕಟ್ಟಿಹಾಕಿದ ಕಳ್ಳರಲ್ಲಿ ಹರಿಹರದ ರುದ್ರಪ್ಪ ಕಾಕಾ ಒಬ್ಬರು.

ಕಾಕಾ ಅಂದರೆ ರಕ್ತಸಂಬಂಧವಲ್ಲ. ನನ್ನ ತಂದೆಯ ಜೊತೆ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ನಾನು ಸೈಕಲ್ ಕಲಿತದ್ದು ಅವರು ಹಿಂದೆ ಹಿಡಿದುಕೊಂಡದ್ದಕ್ಕೆ. ಆ ಕಾರ್ಖಾನೆಯ ಕಾರ್ಮಿಕರು ಪ್ರತಿ ಆಯುಧಪೂಜೆಗೆ ಒಂದು ನಾಟಕ ಆಡುತ್ತಿದ್ದರು. ಸ್ಟೋರ್ ಕೀಪರ್ ಒಬ್ಬರು ಬರೆದ ನಾಟಕಗಳು, ತುಂಬ ರಾಜರು, ತುಂಬ ಸಾವುಗಳು. ಕಾಕಾ ಪಾರ್ಟು ಮಾಡಿದವರಲ್ಲ. ರಂಗದ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಇಪ್ಪತ್ತು ವರ್ಷದ ನಾಟಕಗಳನ್ನು ಕ್ಯಾಸೆಟ್ಟಿಗೆ ತುಂಬಿದ್ದರು. ಕಾರ್ಖಾನೆ ಮುಚ್ಚಿತು. ಜನ ಅನ್ನ ಹುಡುಕಿಕೊಂಡು ಗದಗ, ಇಚಲಕರಂಜಿ, ಪುಣೆ ಎಂದು ಚದುರಿದರು. ಕೆಲವರು ಸತ್ತರು. ಅವರ ದನಿ ಮಾತ್ರ ಕಾಕಾನ ಟ್ರಂಕಿನಲ್ಲಿ ಉಳಿದಿತ್ತು.

ಕ್ಯಾಸೆಟ್ಟುಗಳಿಗೆ ಬೂಸರು ಹತ್ತತೊಡಗಿದಾಗ ಕಾಕಾ ಅರವತ್ತೆರಡನೆಯ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತರು. ಒಂದೊಂದನ್ನೂ ಕೂತು ಕೇಳುತ್ತ ಕಂಪ್ಯೂಟರಿಗೆ ಇಳಿಸಿದರು. ಕುಗ್ಗಿಸಿದರೆ ದನಿ ಕೆಡುತ್ತದೆಂದು ಯಾರೋ ಹೇಳಿದ್ದಕ್ಕೆ ಕುಗ್ಗಿಸದೆ ಹಾಗೇ ಇಟ್ಟರು. ಹಾಳಾದ ಆ ಕ್ಯಾಸೆಟ್ಟುಗಳನ್ನೆಲ್ಲ ಗುಜರಿಗೆ ಹಾಕಲು ಮನಸ್ಸಾಗದೆ, ಹರಿದ ದೇವರ ಪಟಗಳನ್ನು ಬಿಡುವ ಹಾಗೆ, ಅರಿಶಿನ ಕುಂಕುಮ ಹಚ್ಚಿ ತುಂಗಭದ್ರೆಗೆ ಬಿಟ್ಟು ಬಂದರು. ಆಮೇಲೆ ಅಷ್ಟನ್ನೂ ಟೊರೆಂಟಿಗೆ ಹಾಕಿ ಹಳೆಯ ಗೆಳೆಯರಿಗೆಲ್ಲ ತಿಳಿಸಿದರು. ಎಂಟು ಮನೆಯವರು ಇಳಿಸಿಕೊಳ್ಳಲು ಹಚ್ಚಿದರು.

“ಇದರ ರೀತಿ ನಂಗೆ ಭಾಳ ಸೇರ್ತು ಕಣಪ್ಪ” ಎಂದು ಒಮ್ಮೆ ಹೇಳಿದ್ದರು. “ಒಂದು ನಾಟಕಾನ ಸಾವಿರ ಚೂರು ಮಾಡ್ತೈತೆ. ಗದಗಿನೋನಿಗೆ ಒಂದು ಚೂರು, ಪುಣೇದೋನಿಗೆ ಇನ್ನೊಂದು. ಆಮೇಲೆ ಅವರವರೇ ಕೊಟ್ಟು ತಗೊಂಡು ಜೋಡಿಸ್ಕೋತಾರೆ. ಇಸ್ಕೊಂಡೋನೂ ಕೊಡಬೇಕು. ನಮ್ ವರ್ಕ್‌ಶಾಪ್‌ನಾಗ ಸ್ಪ್ಯಾನರ್ ಹಂಗೇ ತಿರುಗ್ತಿತ್ತು.”

ಆ ಎಂಟು ಮನೆಗಳಲ್ಲಿ ಒಂದು ಸಿದ್ದಲಿಂಗಮ್ಮನದು. ರಾಜನ ಪಾರ್ಟು ಮಾಡುತ್ತಿದ್ದ ಚನ್ನಬಸಪ್ಪನವರ ಹೆಂಡತಿ. ಗಂಡ ತೀರಿಕೊಂಡ ಮೇಲೆ ಇಚಲಕರಂಜಿಯಲ್ಲಿ ಮಗಳ ಮನೆ ಸೇರಿದ್ದರು. ಪ್ರತಿ ಸೋಮವಾರ ಕಾಕಾನಿಗೆ ಅವರ ಫೋನು: “ರುದ್ರಪ್ಪಣ್ಣ, ನಮ್ಮೋರ ದನಿ ಇನ್ನೂ ಬಂದಿಲ್ಲಲ್ಲೋ?” ಕಾಕಾ ಆ ಪ್ರಶ್ನೆಯನ್ನು ನನಗೆ ದಾಟಿಸುತ್ತಿದ್ದರು. “ನಿಮ್ ಲೈನ್ ಯಾಕ ಹಿಂಗ? ಎಂಟು ದಿನಕ್ಕೆ ಎರಡು ಪರ್ಸೆಂಟ್ ಹೋಗ್ತೈತೆ.”

ಗ್ರಾಹಕರಿಗೆ ಹೇಳಲೆಂದು ನಾನೇ ಬರೆದಿಟ್ಟ ಸುಳ್ಳುಗಳಿದ್ದವು. ಅವುಗಳಲ್ಲಿ ಒಂದನ್ನು ತೆಗೆದು ಕಾಕಾನಿಗೂ ಕೊಟ್ಟೆ. “ವೈರಿಂದು ತೊಂದರೆ ಇರಬೇಕ್ರಿ ಕಾಕಾ.” ನಮ್ಮ ಲೈನ್‌ಮನ್ ಹೋಗಿ ವೈರ್ ಬದಲಿಸಿ ಬಂದ, ಒಂದಲ್ಲ, ಮೂರು ಸಲ. ಹೋದಾಗಲೆಲ್ಲ ಅವನಿಗೆ ಅಲ್ಲಿ ಮಂಡಕ್ಕಿ, ಮಿರ್ಚಿ, ಚಾ. ಮೂರನೆಯ ಸಲಕ್ಕೂ ಸರಿಹೋಗದಿದ್ದಾಗ ಕಾಕಾ ತಾವೇ ಏಣಿ ಹಾಕಿ ಮಾಡಿನವರೆಗೆ ಹತ್ತಿ, ಮೂವತ್ತು ವರ್ಷ ಬಳಸಿದ ಪಕ್ಕಡ್ ಹಿಡಿದು ಒಂದೊಂದು ಜಾಯಿಂಟನ್ನೂ ಬಿಚ್ಚಿ ಬಿಗಿ ಮಾಡಿದರಂತೆ. ಫಿಟ್ಟರ್ ಮನುಷ್ಯ. ಕೆಟ್ಟದ್ದೆಲ್ಲ ಯಾವುದಾದರೊಂದು ಜಾಯಿಂಟಿನಲ್ಲೇ ಕೆಟ್ಟಿರುತ್ತದೆ ಎಂದು ನಂಬಿದವರು.

ಇನ್ನೊಂದು ಸುಳ್ಳೂ ಹೇಳಿದೆ. “ಸಂಜೀಕೆ ಎಲ್ಲಾರೂ ಒಂದೇ ಸಲ ಹಚ್ತಾರ್ರಿ, ಲೋಡ್ ಬೀಳ್ತೈತೆ.” ಅಷ್ಟಕ್ಕೇ ಆ ಪುಣ್ಯಾತ್ಮ ಅವತ್ತಿನಿಂದ ಸಂಜೆ ಐದಕ್ಕೆ ಸರಿಯಾಗಿ ತಮ್ಮ ಟೊರೆಂಟ್ ನಿಲ್ಲಿಸತೊಡಗಿದರು, ಓಣಿಯ ಮಕ್ಕಳ ಓದಿಗೆ ಅಡ್ಡಿಯಾಗಬಾರದೆಂದು. ಹನಿ ಹನಿ ಹೋಗುತ್ತಿದ್ದದ್ದೂ ಅರ್ಧ ದಿನ ನಿಂತಿತು.

ಈಗ ನೀವು ಕೇಳಬಹುದು, ಪೆನ್ ಡ್ರೈವಿಗೆ ತುಂಬಿ ಆ ಹೆಣ್ಣುಮಗಳಿಗೆ ಪೋಸ್ಟ್ ಮಾಡಬಹುದಿತ್ತಲ್ಲ ಎಂದು. ಮಾಡಬಹುದಿತ್ತು. ಆದರೆ ನೆಟ್ಟಿನಲ್ಲಿ ಯಾಕೆ ಹೋಗುವುದಿಲ್ಲ ಎಂದು ಕಾಕಾನಿಗೆ ಹೇಳದೆ ಆ ಸಲಹೆ ಕೊಡುವುದು ಹೇಗೆ? ಕಾಕಾ ಅಂತೂ ನನ್ನನ್ನು ನಂಬಿ, ಲೈನ್ ಇವತ್ತು ಸರಿಹೋದೀತು, ನಾಳೆ ಸರಿಹೋದೀತು ಎಂದು ಕಾಯುತ್ತಿದ್ದರು.

ಪೆನ್ ಡ್ರೈವಿಗಿಂತ ಸುಲಭದ ದಾರಿಯೂ ಇತ್ತು, ಅದೂ ನನಗೆ ಗೊತ್ತಿತ್ತು. ಟೊರೆಂಟಿನ ಸೆಟ್ಟಿಂಗ್ಸಿನಲ್ಲಿ ಎನ್‌ಕ್ರಿಪ್ಷನ್ ಎಂಬುದೊಂದಿರುತ್ತದೆ. ಅದನ್ನು ಒತ್ತಿದರೆ ಹೋಗುವ ಚೂರುಗಳಿಗೆಲ್ಲ ಮುಸುಕು ಬೀಳುತ್ತದೆ. ಒಳಗೇನಿದೆ ಎಂಬುದು ಕಳಿಸಿದವನಿಗೆ ಮತ್ತು ಪಡೆದವನಿಗೆ ಮಾತ್ರ ಗೊತ್ತು. ನಮ್ಮ ಯಂತ್ರ ಎಷ್ಟು ಕಣ್ಣರಳಿಸಿದರೂ ಗುರುತು ಸಿಗದೆ ಬಿಟ್ಟುಬಿಡುತ್ತಿತ್ತು. ದಾವಣಗೆರೆಯ ಕಾಲೇಜು ಹುಡುಗರು ಇದನ್ನು ಆಗಲೇ ಕಂಡುಕೊಂಡು ಆರಾಮಾಗಿ ಸಿನಿಮಾ ಇಳಿಸುತ್ತಿದ್ದರು. ನಿಜವಾದ ಕಳ್ಳರು ಪಾರಾಗಿ, ನಮ್ಮ ಕೈಗೆ ಸಿಕ್ಕಿಕೊಂಡವರು ರುದ್ರಪ್ಪ ಕಾಕಾನಂಥವರು.

ಕೊನೆಗೊಂದು ಭಾನುವಾರ ಮನಸ್ಸು ತಡೆಯದೆ ಹರಿಹರಕ್ಕೆ ಹೋದೆ. ಕಾಕಾನ ಕಂಪ್ಯೂಟರಿನ ಮುಂದೆ ಕೂತು, “ಇದನ್ನ ಒತ್ತಿಬಿಡೋಣ್ರಿ ಕಾಕಾ, ಎಲ್ಲಾ ಮುಚ್ಚಿಕೊಂಡು ಹೋಗ್ತೈತೆ, ಜಲ್ದಿನೂ ಹೋಗ್ತೈತೆ” ಎಂದೆ.

“ಮುಚ್ಚಿಕೊಂಡು ಯಾಕ ಹೋಗ್ಬೇಕು?”

“ಹಂಗಲ್ರಿ, ಯಾರಾದ್ರೂ ನಡುವೆ ನೋಡ್ತಿರ್ತಾರೆ…”

“ನೋಡ್ಲಿ ಬಿಡು. ಮೂವತ್ತೊಂದು ವರ್ಷ ಕಾರ್ಖಾನಿ ಗೇಟ್‌ನಾಗ ಊಟದ ಡಬ್ಬಿ ತೆಗೆದು ತೋರಿಸೇ ಹೊರಗ ಬಂದೋನು ನಾನು. ಒಂದು ನಟ್ಟು ಬಚ್ಚಿಟ್ಕೊಂಡು ಒಯ್ದೋನಲ್ಲ. ಈಗ ನಮ್ಮೋರ ನಾಟಕಾನ ಮುಸುಕು ಹಾಕಿ ಕಳಿಸ್ಲಾ? ಬ್ಯಾಡಪ್ಪ. ನಿಧಾನ ಆದ್ರೂ ಚಿಂತಿಲ್ಲ.”

ಗೇಟಿನಲ್ಲಿ ನಿಂತಿರುವವನು ನಾನೇ ಕಾಕಾ, ತೋರಿಸಿದ ಡಬ್ಬಿಯನ್ನೇ ಕಿತ್ತಿಟ್ಟುಕೊಳ್ಳುತ್ತಿದ್ದೇನೆ ಎಂದು ಅಲ್ಲಿ ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ಆದರೆ ಹರಿಹರದ ಶಾಖೆಗೆ ನನ್ನನ್ನು ಮ್ಯಾನೇಜರ್ ಮಾಡುವ ಮಾತು ಆಗ ನಡೆದಿತ್ತು. ಈ ವಿಷಯ ಕಾಕಾನ ಬಾಯಿಂದ ಓಣಿಗೆ, ಓಣಿಯಿಂದ ಯಜಮಾನರಿಗೆ ಹೋಗಲು ಎರಡು ದಿನ ಸಾಕು. ಕಾಕಿ ಕೊಟ್ಟ ಚಾ ಕುಡಿದು, “ನಿಮ್ಮಿಷ್ಟ ಕಾಕಾ” ಎಂದು ಎದ್ದುಬಂದೆ. ಆ ದಿನ ನೆನೆದರೆ ನನಗೆ ನಾನೇ ಅಸಹ್ಯವಾಗುತ್ತೇನೆ. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಕರೆಂಟು ಹೋಗಿ ಬಂದದ್ದೇ ಕಾಕಾನ ಹಾರ್ಡ್ ಡಿಸ್ಕು ಟಕ್ ಟಕ್ ಎನ್ನತೊಡಗಿತು. ರಿಪೇರಿಯವರಿಗೆ ಒಯ್ದಿದ್ದರೆ ಏನಾದರೂ ಉಳಿಯುತ್ತಿತ್ತೇನೋ. ಆದರೆ ಕೆಟ್ಟ ಯಂತ್ರವನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ ಕಾಕಾ. ಅಂಗಳದಲ್ಲಿ ಪೇಪರ್ ಹಾಸಿ, ಚಿಕ್ಕ ಸ್ಕ್ರೂಡ್ರೈವರಿನಿಂದ ಡಿಸ್ಕಿನ ಮುಚ್ಚಳ ತೆಗೆದು, ಧೂಳಿನ ಕಣ ತಾಗಿದರೂ ಕೆಡುವ ಒಳಗಿನ ಕನ್ನಡಿಯಂಥ ತಟ್ಟೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ನಡುವಿನ ಬೇರಿಂಗಿಗೆ ಒಂದು ತೊಟ್ಟು ಮಷೀನ್ ಆಯಿಲ್ ಬಿಟ್ಟರು. ಅಲ್ಲಿಗೆ ಇಪ್ಪತ್ತು ವರ್ಷದ ಆಯುಧಪೂಜೆಗಳು ಮುಗಿದವು. ಎಂಟೂ ಮನೆಗಳಲ್ಲಿ ನಾಟಕ ನೂರಕ್ಕೆ ಎಪ್ಪತ್ತೊಂದರಲ್ಲಿ ನಿಂತಿತು. ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಂಡು ಎಲ್ಲರೂ ಅಲ್ಲಿಗೇ ಬಂದು ನಿಂತರು. ಉಳಿದ ಇಪ್ಪತ್ತೊಂಬತ್ತು ಯಾರಲ್ಲೂ ಇರಲಿಲ್ಲ.

ಎರಡು ವರ್ಷದ ಮೇಲೆ ಕಾಕಾ ಹೋದರು. ಆಸ್ಪತ್ರೆಯಲ್ಲಿ ನೋಡಲು ಹೋದಾಗಲೂ, “ನೀನೇನು ಮಾಡ್ತೀಯಪ್ಪ, ಲೈನ್ ಸರಿ ಇರ್ಲಿಲ್ಲ” ಎಂದು ನನ್ನನ್ನೇ ಸಮಾಧಾನ ಮಾಡಿದರು. ನಾನು ಹೂಂ ಎಂದೆ. ಅಷ್ಟರಲ್ಲಿ ಮ್ಯಾನೇಜರ್ ಆಗಿದ್ದೆ.

ಕಳೆದ ವಾರದ ಆ ಸಂದೇಶ ಓದಿದ ಮೇಲೆ ಮಂಡಕ್ಕಿಯ ತಟ್ಟೆಯನ್ನು ಪಕ್ಕಕ್ಕಿಟ್ಟೆ. ಸಿದ್ದಲಿಂಗಮ್ಮ ಈಗ ವಾಪಸ್ ಬಂದು ಹರಿಹರದಲ್ಲಿ ತಮ್ಮನ ಮನೆಯಲ್ಲಿದ್ದಾರೆಂದು ಕೇಳಿದ್ದೆ. ಮಧ್ಯಾಹ್ನದ ಬಸ್ಸು ಹತ್ತಿದೆ.

“ಬಾರಪ್ಪ, ಕೂಡು. ರುದ್ರಪ್ಪಣ್ಣನ ಕಡೆಯೋನು ಅಂದ್ರೆ ನಮ್ಮೋನೇ” ಎಂದರು ಸಿದ್ದಲಿಂಗಮ್ಮ. ಅವರ ತಮ್ಮ ಒಳಗೆ ಟಿವಿ ನೋಡುತ್ತಿದ್ದ. ತಮ್ಮನ ಹೆಂಡತಿ ಚಾ ತಂದುಕೊಟ್ಟಳು. ನಾನು ಹೇಳಬೇಕೆಂದು ಬಂದದ್ದನ್ನು ಶುರು ಮಾಡುವ ಮೊದಲೇ ಅವರು ಒಂದು ಸಣ್ಣ ಸ್ಪೀಕರನ್ನು ಮಡಿಲಲ್ಲಿಟ್ಟುಕೊಂಡು ಗುಂಡಿ ಒತ್ತಿದರು. “ಕೇಳು, ನಮ್ಮೋರು.”

ಚನ್ನಬಸಪ್ಪನವರ ದನಿ ಬಂತು. ಒಳ್ಳೆಯ ಕಂಚಿನ ಕಂಠ. ಮಂತ್ರಿಯನ್ನು ಗದರಿಸುತ್ತಿದ್ದ ರಾಜ ಅರ್ಧ ಮಾತಿಗೆ ನಿಂತ. ಆರು ಸೆಕೆಂಡು ಏನೂ ಇಲ್ಲ. ಮತ್ತೆ ದನಿ, ಬೇರೆಲ್ಲೋ ಮುಂದೆ. ಮತ್ತೆ ನಿಂತಿತು. ಬಾರದ ಚೂರುಗಳ ಜಾಗ.

“ನೋಡು, ಇಲ್ಲಿ ಮರ್ತಾರ” ಎಂದರು ಸಿದ್ದಲಿಂಗಮ್ಮ ಮೆಲ್ಲಗೆ. “ಜನ ಸೈತ ಉಸಿರು ಬಿಗಿಹಿಡಿದು ಕೂತಾರ, ಪಾಪ. ಪಾರ್ಟಿನಾಗ ಒಂದಕ್ಷರ ಮರ್ತೋನಲ್ಲ ನಾನು ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತಿದ್ರು. ನಾನು ನಾಟಕ ನೋಡಿದ್ದು ಒಂದೇ ಸಲ, ಮಗಳು ಅತ್ಲು ಅಂತ ಅರ್ಧಕ್ಕೇ ಎದ್ದು ಬಂದೆ. ಹೇಳಿದ್ದು ನಂಬಿದ್ದೆ. ಇದನ್ನ ಕೇಳಿ ನನ್ ತಮ್ಮ ಬಿದ್ದು ಬಿದ್ದು ನಕ್ಕ. ರುದ್ರಪ್ಪಣ್ಣನ ಕೇಳಾಕೆ ನಾಚಿಕೆ ಆತು ನಂಗೆ.”

ನಾನು ಹೇಳಿದೆ. ಯಂತ್ರ, ಆಜ್ಞೆ, ಮುಸುಕು, ಮ್ಯಾನೇಜರ್ ಹುದ್ದೆ, ಎಲ್ಲವನ್ನೂ. ಎಷ್ಟು ಅರ್ಥವಾಯಿತೋ ತಿಳಿಯದು. ಕೊನೆಗೆ ಒಂದನ್ನೇ ಕೇಳಿದರು.

“ಅಂದ್ರೆ ನಮ್ಮೋರು ಮರ್ತಿರಲಿಲ್ಲಾ?”

“ಇಲ್ರಿ ಅಮ್ಮ. ಅವರು ಪೂರ್ತಿ ಹೇಳಿದ್ರು. ನಾನು ಬಿಡಲಿಲ್ಲ.”

ಅವರು ಒಳಕೋಣೆಯ ಕಡೆ ತಿರುಗಿ, ಆ ವಯಸ್ಸಿನಲ್ಲಿ ಅಷ್ಟು ದನಿ ಎಲ್ಲಿತ್ತೋ, “ಏ ಬಸಣ್ಣ, ಕೇಳಿದ್ಯೇನೋ? ನಿಮ್ ಭಾವ ಮರ್ತಿರಲಿಲ್ಲಂತೆ! ಒಂದಕ್ಷರನೂ ಮರ್ತಿರಲಿಲ್ಲಂತೆ!” ಎಂದು ಕೂಗಿದರು. ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡು, ಸ್ಪೀಕರನ್ನು ಆರಿಸಿ, ನನ್ನ ಕಡೆ ನೋಡಿದರು. ನಾನು ಚಾದ ಲೋಟವನ್ನು ಇನ್ನೂ ಬಾಯಿಗೆ ಹಚ್ಚಿರಲಿಲ್ಲ.

“ಆ ಚಾ ಕೆಳಗಿಡಪ್ಪ” ಎಂದರು. “ಇಟ್ಟು ಎದ್ದೇಳು.”

ಇಟ್ಟು ಎದ್ದೆ.